ಸಣ್ಣ ವಿಮಾನ, ಸಣ್ಣ ದ್ವೀಪ ಮತ್ತು ಮಂಗಳೂರಿನ ಹಳೆ ಬಂದರು

ಕೊಚ್ಚಿಯಿಂದ ಲಕ್ಷದ್ವೀಪದ ಅಗತ್ತಿಗೆ 459 ಕಿಲೋಮೀಟರ್ ದೂರ. ಪ್ರಯಾಣಿಕರ ಹಡಗು ಕೊಚ್ಚಿಯಿಂದ ದ್ವೀಪಗಳನ್ನು ತಲುಪಲು, ಹಡಗಿನ ವೇಗ ಮತ್ತು ದ್ವೀಪದ ದೂರಕ್ಕೆ ಅನುಗುಣವಾಗಿ, 14ರಿಂದ 18 ಗಂಟೆಗಳು ಬೇಕಾಗುತ್ತವೆ. ಎರಡು ಪ್ರೊಪೆಲ್ಲರ್‌ಗಳ ಎಟಿಆರ್ ವಿಮಾನ ಅಗತ್ತಿಯನ್ನು ಸುಮಾರು ಒಂದೂವರೆ ಗಂಟೆಯಲ್ಲಿ ಮುಟ್ಟುತ್ತದೆ. ಕೆಲವೇ ಕಿಲೋಮೀಟರ್ ಉದ್ದದ, ಅತಿ ಅಗಲವಾದ ಕಡೆಯಲ್ಲಿಯೂ ಒಂದು ಕಿಲೋಮೀಟರಿನ ಆಸುಪಾಸಿನಲ್ಲಿರುವ ಆ ಹವಳದ ದ್ವೀಪದ ದಕ್ಷಿಣ ತುದಿಯಲ್ಲಿ ಒಂದೇ ಒಂದು ರನ್‌ವೇ ಇದೆ. ಅದರ ಎರಡೂ ಪಕ್ಕಗಳಲ್ಲಿ ಸಮುದ್ರ. ಅಲ್ಲಿ ಇಳಿದ ಪ್ರವಾಸಿಯು ದೋಣಿ ಹತ್ತಿ ಬಂಗಾರಂ ದ್ವೀಪದ ರೆಸಾರ್ಟನ್ನು ಸೇರುತ್ತಾನೆ.

ಈ ಪ್ರಯಾಣದ ಸೊಬಗನ್ನು ಕುರಿತು ಪ್ರವಾಸಿ ಪುಟಗಳಲ್ಲಿ ಸಾಕಷ್ಟು ಬರಹಗಳು ಬಂದಿವೆ. ವ್ಯಾಪಾರಿಯ ಕಣ್ಣಿನಿಂದ ಅದನ್ನು ನೋಡಿದವರು ಕಡಿಮೆ. 2024ರ ಜನವರಿಯಲ್ಲಿ ಪ್ರಧಾನಮಂತ್ರಿಯವರು ಲಕ್ಷದ್ವೀಪಕ್ಕೆ ಭೇಟಿ ನೀಡಿದ ನಂತರ ದೇಶದ ಗಮನ ಆ ದ್ವೀಪಗಳತ್ತ ಹರಿಯಿತು. ಅದೇ ವರ್ಷದ ಮಾರ್ಚ್ 31ರಂದು ಬೆಂಗಳೂರಿನಿಂದ ಅಗತ್ತಿಗೆ ನೇರ ಎಟಿಆರ್ ಸೇವೆ ಆರಂಭವಾಯಿತು. ಇದಾದ ಮೇಲೆ ‘ರನ್‌ವೇಯನ್ನು ಉದ್ದ ಮಾಡಿ, ಜೆಟ್ ವಿಮಾನಗಳನ್ನು ಇಳಿಸಿ, ಪ್ರವಾಸಿಗರನ್ನು ಸಾವಿರಗಟ್ಟಲೆ ಕರೆತನ್ನಿ’ ಎಂಬ ಮಾತು ಉದ್ಯಮ ವಲಯದ ಸಭೆಗಳಲ್ಲಿಯೂ ಕೇಳಿಬರುತ್ತಿದೆ. ಕರಾವಳಿ ಕರ್ನಾಟಕದ ವ್ಯಾಪಾರಿಗಳು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳು ಈ ಕೂಗಿಗೆ ದನಿಗೂಡಿಸುವ ಮೊದಲು ಲೆಕ್ಕ ಹಾಕಿ ನೋಡುವುದು ಅವಶ್ಯ. ಲೆಕ್ಕ ಹಾಕಿದಲ್ಲಿ, ಅವರ ಹಿತವು ಸಣ್ಣ ವಿಮಾನದಲ್ಲಿಯೂ ಮಂಗಳೂರಿನ ಹಳೆ ಬಂದರಿನಲ್ಲಿಯೂ ಇದೆಯೇ ಹೊರತು ದೊಡ್ಡ ರನ್‌ವೇಯಲ್ಲಿ ಇಲ್ಲ ಎಂಬುದು ಸ್ಪಷ್ಟವಾಗುತ್ತದೆ.

ತೂಕದ ಲೆಕ್ಕ

ಅಗತ್ತಿಯ ವಿಮಾನ ನಿಲ್ದಾಣ 1988ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಅಂದು ಅಲ್ಲಿಗೆ ಹಾರುತ್ತಿದ್ದುದು 19 ಆಸನಗಳ ಡಾರ್ನಿಯರ್-228. ಕಾನ್ಪುರದ ಎಚ್‌ಎಎಲ್ ಕಾರ್ಖಾನೆಯಲ್ಲಿ ಪರವಾನಗಿ ಪಡೆದು ತಯಾರಿಸಲಾಗುತ್ತಿದ್ದ ವಿಮಾನವದು. ಮುಂದೆ ನಿಲ್ದಾಣವನ್ನು ಸುಧಾರಿಸಿ ಎಟಿಆರ್ ವಿಮಾನಗಳಿಗೆ ತಕ್ಕಂತೆ ಮಾಡಲಾಯಿತು. ಆದರೂ ರನ್‌ವೇಯ ಉದ್ದ ಸುಮಾರು ಒಂದೂಕಾಲು ಕಿಲೋಮೀಟರ್ ಮಾತ್ರ.

ಸುಮಾರು 23 ಟನ್ ಗರಿಷ್ಠ ತೂಕದ ಎಟಿಆರ್-72 ವಿಮಾನವು ಪೂರ್ಣ ಭಾರ ಹೊತ್ತು ಮೇಲೇರಲು, ಸಮುದ್ರಮಟ್ಟದಲ್ಲಿ ಹಿತವಾದ ಹವೆಯಿದ್ದಾಗಲೂ, ಸುಮಾರು 1,300 ಮೀಟರ್ ರನ್‌ವೇ ಬೇಕು. ಬಿಸಿಲೇರಿದಂತೆ ಗಾಳಿ ತೆಳುವಾಗುತ್ತದೆ. ರೆಕ್ಕೆಗೆ ದೊರಕುವ ಆಧಾರ ಕಡಿಮೆಯಾಗುತ್ತದೆ. ಬೇಕಾಗುವ ಉದ್ದ ಹೆಚ್ಚುತ್ತದೆ. ಸಮುದ್ರದ ನಡುವಿನ ನಿಲ್ದಾಣಕ್ಕೆ ಹೊರಟ ವಿಮಾನವು ಹವೆ ಕೆಟ್ಟು ಇಳಿಯಲಾಗದಿದ್ದರೆ ಭೂಭಾಗದ ಇನ್ನೊಂದು ನಿಲ್ದಾಣವನ್ನು ತಲುಪುವಷ್ಟು ಇಂಧನವನ್ನೂ ಹೊತ್ತುಕೊಂಡೇ ಹೊರಡಬೇಕು. ಈ ಇಂಧನಕ್ಕೂ ತೂಕವಿದೆ. ಹೀಗಾಗಿ ಇಂತಹ ಮಾರ್ಗದಲ್ಲಿ ವಿಮಾನ ಸಂಸ್ಥೆಯು ಕೆಲವು ಆಸನಗಳನ್ನು ಖಾಲಿ ಬಿಡಬೇಕಾಗುತ್ತದೆ, ಇಲ್ಲವೇ ಸಾಮಾನು ಸರಂಜಾಮನ್ನು ಕಡಿಮೆ ಮಾಡಬೇಕಾಗುತ್ತದೆ. ಟಿಕೆಟ್ ದುಬಾರಿಯಾಗಲು ಇದೂ ಒಂದು ಕಾರಣ. ಖಾಲಿ ಬಿಟ್ಟ ಆಸನದ ವೆಚ್ಚವನ್ನು ಕುಳಿತವರೇ ಭರಿಸಬೇಕಲ್ಲವೇ?

ದೇಶದೊಳಗಿನ ವಿಮಾನಗಳಲ್ಲಿ ಪ್ರಯಾಣಿಕನೊಬ್ಬನಿಗೆ ಸಾಮಾನ್ಯವಾಗಿ 15 ಕಿಲೋ ಸಾಮಾನು ಒಯ್ಯಲು ಅವಕಾಶವಿರುತ್ತದೆ. ಬಟ್ಟೆಬರೆ ತುಂಬಿಕೊಂಡರೆ ಅದು ಮುಗಿಯಿತು. ಅಂದ ಮೇಲೆ ಆತನು ದ್ವೀಪದಲ್ಲಿ ಉಣ್ಣುವ ಅನ್ನ, ತರಕಾರಿ, ಮಲಗುವ ಹಾಸಿಗೆ, ಸ್ನಾನದ ಕೋಣೆಯ ನಲ್ಲಿ, ಕೋಣೆಯ ಗೋಡೆಯ ಸಿಮೆಂಟ್, ಛಾವಣಿಯ ಹೆಂಚು, ವಿದ್ಯುತ್ತಿಗೆ ಬೇಕಾದ ಡೀಸೆಲ್, ಇವೆಲ್ಲವೂ ಆತನಿಗಿಂತ ಮೊದಲೇ ಸಮುದ್ರಮಾರ್ಗವಾಗಿ ಅಲ್ಲಿಗೆ ಬಂದಿರಬೇಕು. ದ್ವೀಪದಲ್ಲಿ ದೊರಕುವುದು ತೆಂಗು ಮತ್ತು ಮೀನು. ಉಳಿದದ್ದೆಲ್ಲ ಹೊರಗಿನದು. ಅತಿಥಿ ವಿಮಾನದಲ್ಲಿ ಬರುತ್ತಾನೆ, ಆತಿಥ್ಯ ಹಡಗಿನಲ್ಲಿ ಬರುತ್ತದೆ. ವ್ಯಾಪಾರಿಗೆ ಸಂಬಂಧಪಟ್ಟದ್ದು ಈ ಎರಡನೆಯ ಭಾಗ.

ಪ್ರೊಪೆಲ್ಲರ್ ಹಳೆಯ ಕಾಲದ್ದಲ್ಲ

ಪ್ರೊಪೆಲ್ಲರ್ ವಿಮಾನವೆಂದರೆ ಹಳೆಯದು, ನಿಧಾನದ್ದು, ಅನುಕೂಲವಿಲ್ಲದವರ ಪಾಲಿನದು ಎಂಬ ಭಾವನೆ ಜನರಲ್ಲಿದೆ. ವಾಸ್ತವದಲ್ಲಿ ಇಂದಿನ ಟರ್ಬೊಪ್ರಾಪ್ ವಿಮಾನದಲ್ಲಿ ಪ್ರೊಪೆಲ್ಲರನ್ನು ತಿರುಗಿಸುವುದು ಜೆಟ್ ತತ್ತ್ವದ ಟರ್ಬೈನ್ ಎಂಜಿನ್ನೇ. ಹೆಚ್ಚು ಗಾಳಿಯನ್ನು ಕಡಿಮೆ ವೇಗದಲ್ಲಿ ಹಿಂದಕ್ಕೆ ತಳ್ಳುವುದರಿಂದ ಅದು ಕಡಿಮೆ ಎತ್ತರದಲ್ಲಿ, ಕಡಿಮೆ ದೂರದಲ್ಲಿ ಇಂಧನವನ್ನು ಉಳಿಸುತ್ತದೆ. ಜೆಟ್ ವಿಮಾನಕ್ಕೆ ಲಾಭ ಬರುವುದು ಮೇಲೇರಿ ಬಹುಕಾಲ ಒಂದೇ ಎತ್ತರದಲ್ಲಿ ಹಾರಿದಾಗ. ನಾಲ್ಕೈದು ನೂರು ಕಿಲೋಮೀಟರಿನ ಹಾದಿಯಲ್ಲಿ ಅದು ಏರುವುದರಲ್ಲಿಯೂ ಇಳಿಯುವುದರಲ್ಲಿಯೂ ಬಹುಪಾಲು ಕಾಲ ಕಳೆಯುತ್ತದೆ. ಉಳಿಯುವ ಸಮಯ ಹತ್ತು-ಹದಿನೈದು ನಿಮಿಷ. ಖರ್ಚಾಗುವ ಇಂಧನ ಬಹಳ ಹೆಚ್ಚು.

ಸರಕಾರದ ನೀತಿಯೂ ಸಣ್ಣ ವಿಮಾನಕ್ಕೆ ಅನುಕೂಲವಾಗಿದೆ. 80ಕ್ಕಿಂತ ಕಡಿಮೆ ಆಸನಗಳ ವಿಮಾನಗಳಿಗೆ ವಿಮಾನ ನಿಲ್ದಾಣ ಪ್ರಾಧಿಕಾರದ ನಿಲ್ದಾಣಗಳಲ್ಲಿ ಇಳಿಯುವ ಶುಲ್ಕದ ವಿನಾಯಿತಿಯನ್ನು ನೀಡುತ್ತ ಬರಲಾಗಿದೆ. ಭಾರತದಲ್ಲಿ ಎಟಿಆರ್ ವಿಮಾನಗಳು 78 ಆಸನಗಳವರೆಗೆ ನಿಂತಿರುವುದರ ಹಿಂದೆ ಈ ಲೆಕ್ಕವೂ ಇದೆ. ಸಣ್ಣ ಊರುಗಳನ್ನು ಜೋಡಿಸುವ ‘ಉಡಾನ್’ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಹಾರಿದಾಗ ಬಳಕೆಯಾದದ್ದೂ ಎಟಿಆರ್-42. ವಿಮಾನ ಇಂಧನ ಇನ್ನೂ ಜಿಎಸ್‌ಟಿಯ ಹೊರಗೇ ಇರುವುದರಿಂದ, ಇಂಧನ ಉಳಿಸುವ ವಿಮಾನಕ್ಕೆ ತೆರಿಗೆಯಲ್ಲಿಯೂ ಉಳಿತಾಯವಾಗುತ್ತದೆ.

ಸಣ್ಣ ವಿಮಾನದ ಇನ್ನೊಂದು ಗುಣವನ್ನು ಮಂಡಿ ವ್ಯಾಪಾರಿಗಳು ಸುಲಭವಾಗಿ ಗ್ರಹಿಸಬಲ್ಲರು. ವಿಮಾನದ ಆಸನವೆಂಬುದು ಟೊಮೆಟೊವಿನಂತಹ ಸರಕು. ಅಂದಿನದು ಅಂದೇ ಮಾರಾಟವಾಗಬೇಕು. ವಿಮಾನ ಹಾರಿದ ಮೇಲೆ ಖಾಲಿ ಆಸನಕ್ಕೆ ಬೆಲೆಯಿಲ್ಲ. 180 ಆಸನಗಳ ವಿಮಾನವನ್ನು ದಿನವೂ ತುಂಬಿಸಲಾಗದ ಸಂಸ್ಥೆ ಕೆಲವೇ ತಿಂಗಳಲ್ಲಿ ಮಾರ್ಗವನ್ನು ಕೈಬಿಡುತ್ತದೆ. 70 ಆಸನಗಳನ್ನು ತುಂಬಿಸುವುದು ಸುಲಭ. ಸೇವೆ ನಿಲ್ಲದೆ ನಡೆಯುವ ಸಂಭವ ಹೆಚ್ಚು. ಪ್ರತಿ ವಾರ ಸರಕು ಕಳುಹಿಸುವವನಿಗೆ ಬೇಕಾದದ್ದು ಒಂದು ವರ್ಷದ ಅಬ್ಬರವಲ್ಲ, ಹತ್ತು ವರ್ಷಗಳ ನಿಶ್ಚಿತತೆ.

ಎರಡು ಪಾಠಗಳು

ಲಕ್ಷದ್ವೀಪದ ದಕ್ಷಿಣಕ್ಕಿರುವ ಮಾಲ್ಡೀವ್ಸ್ ಪ್ರವಾಸೋದ್ಯಮವನ್ನು ಆರಂಭಿಸಿದ್ದು 1972ರಲ್ಲಿ. 2024ರಲ್ಲಿ ಅಲ್ಲಿಗೆ ಬಂದ ಪ್ರವಾಸಿಗರ ಸಂಖ್ಯೆ 20 ಲಕ್ಷವನ್ನು ದಾಟಿತು. ದೊಡ್ಡ ಜೆಟ್‌ಗಳು ರಾಜಧಾನಿ ಮಾಲೆಯ ಪಕ್ಕದ ನಿಲ್ದಾಣದಲ್ಲಿ ಇಳಿಯುತ್ತವೆ. ಅಲ್ಲಿಂದ ದೂರದ ರೆಸಾರ್ಟುಗಳಿಗೆ ಬಹಳಷ್ಟು ಅತಿಥಿಗಳನ್ನು ಒಯ್ಯುವುದು ಟ್ವಿನ್ ಆಟರ್ ಎಂಬ, ಸುಮಾರು 15 ಮಂದಿ ಕುಳಿತುಕೊಳ್ಳುವ, ನೀರಿನ ಮೇಲೆ ಇಳಿಯುವ ಪ್ರೊಪೆಲ್ಲರ್ ವಿಮಾನ. ಅದು ಹಗಲಿನಲ್ಲಿ ಮಾತ್ರ ಹಾರುತ್ತದೆ. ಸಾಮಾನಿನ ತೂಕಕ್ಕೆ ಕಟ್ಟುನಿಟ್ಟಿನ ಮಿತಿಯಿದೆ. ಆ ವಿಮಾನದ ವಿನ್ಯಾಸ 1960ರ ದಶಕದ್ದು. ಆದರೂ ಜಗತ್ತಿನ ಅತಿ ದುಬಾರಿ ರೆಸಾರ್ಟುಗಳಲ್ಲಿ ಹಲವು ಅದನ್ನೇ ಅವಲಂಬಿಸಿವೆ. ಪ್ರತಿ ದ್ವೀಪಕ್ಕೂ ರನ್‌ವೇ ಬೇಕೆಂದು ಅವರು ಹೊರಟಿದ್ದರೆ ಅನೇಕ ದ್ವೀಪಗಳಲ್ಲಿ ರನ್‌ವೇ ಬಿಟ್ಟು ಬೇರೇನೂ ಉಳಿಯುತ್ತಿರಲಿಲ್ಲ.

ಇನ್ನೊಂದು ಪಾಠ ನಮ್ಮ ದೇಶದ್ದೇ. 2020ರ ಅಕ್ಟೋಬರ್ 31ರಂದು ಅಹಮದಾಬಾದಿನ ಸಾಬರಮತಿ ನದಿಯಿಂದ ಕೇವಡಿಯಾಕ್ಕೆ ಇದೇ ಟ್ವಿನ್ ಆಟರ್ ಮಾದರಿಯ ಸೇವೆಯನ್ನು ಸಂಭ್ರಮದಿಂದ ಆರಂಭಿಸಲಾಯಿತು. 2021ರ ಏಪ್ರಿಲ್‌ನಲ್ಲಿ ಅದು ನಿಂತಿತು. ವಿಮಾನ ಬಂದದ್ದು ಮಾಲ್ಡೀವ್ಸ್‌ನಿಂದ. ದುರಸ್ತಿಗೆ ಅದು ಹೋಗಬೇಕಾದದ್ದೂ ಮಾಲ್ಡೀವ್ಸ್‌ಗೇ. ಮಾರ್ಗ ಒಂದೇ, ವಿಮಾನ ಒಂದೇ, ದುರಸ್ತಿಯ ವ್ಯವಸ್ಥೆ ಸಾವಿರಾರು ಕಿಲೋಮೀಟರ್ ದೂರದಲ್ಲಿ. ಇಂತಹ ಏರ್ಪಾಡು ಬಾಳುವುದು ಕಷ್ಟ. ಒಂದೇ ಲೇತ್ ಯಂತ್ರವಿರುವ ವರ್ಕ್‌ಶಾಪಿನ ಮಾಲೀಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಟಿಆರ್‌ನ ಸ್ಥಿತಿ ಹಾಗಲ್ಲ. ದೇಶದಲ್ಲಿ ಹಲವು ಸಂಸ್ಥೆಗಳು ಅದನ್ನು ಹಾರಿಸುತ್ತಿವೆ. ಪೈಲಟ್‌ಗಳು, ತಂತ್ರಜ್ಞರು, ಬಿಡಿಭಾಗಗಳು ಇಲ್ಲಿಯೇ ದೊರೆಯುತ್ತವೆ. ಆದುದರಿಂದ ದ್ವೀಪಕ್ಕೆ ಯಾವ ವಿಮಾನ ಎಂಬ ಪ್ರಶ್ನೆಗೆ ಸದ್ಯಕ್ಕೆ ಎಟಿಆರ್ ಸರಿಯಾದ ಉತ್ತರ.

ದೊಡ್ಡ ರನ್‌ವೇಯ ನಿಜವಾದ ಬೆಲೆ

2011ರ ಜನಗಣತಿಯಂತೆ ಅಗತ್ತಿಯ ಜನಸಂಖ್ಯೆ 7,566. ಇಡೀ ಲಕ್ಷದ್ವೀಪದ್ದು 64,473. ಭೂಪ್ರದೇಶ 32 ಚದರ ಕಿಲೋಮೀಟರ್. 50 ಪ್ರಯಾಣಿಕರನ್ನು ತರುವ ಎಟಿಆರ್ ದಿನಕ್ಕೆ ಎರಡು ಬಾರಿ ಬಂದು, ಎಲ್ಲರೂ ಪ್ರವಾಸಿಗರೇ ಆಗಿ, ಮೂರು ರಾತ್ರಿ ತಂಗುತ್ತಾರೆಂದು ಭಾವಿಸಿದರೆ ಯಾವುದೇ ಒಂದು ದಿನ 300 ಅತಿಥಿಗಳು ಇರುತ್ತಾರೆ. 180 ಆಸನಗಳ ಜೆಟ್ ಎರಡು ಬಾರಿ ಬಂದರೆ ಅದೇ ಲೆಕ್ಕದಲ್ಲಿ 1,080 ಮಂದಿ. ಅಂದರೆ ಪ್ರತಿ ಏಳು ಅಗತ್ತಿವಾಸಿಗಳಿಗೆ ಒಬ್ಬ ಅತಿಥಿ. ಅತಿಥಿಯು ಬಳಸುವ ನೀರು ನಿವಾಸಿಯು ಬಳಸುವುದಕ್ಕಿಂತ ಹೆಚ್ಚೇ ಇರುತ್ತದೆ.

ಹವಳದ ದ್ವೀಪದಲ್ಲಿ ನದಿಯಿಲ್ಲ. ಮಳೆನೀರು ಮರಳಿನೊಳಗೆ ಇಳಿದು, ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಂತಿರುತ್ತದೆ. ಹೆಚ್ಚಾಗಿ ಎಳೆದರೆ ಬಾವಿಗೆ ಉಪ್ಪು ಏರುತ್ತದೆ. ಈ ಕಾರಣದಿಂದಲೇ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು ಸಮುದ್ರದ ಮೇಲ್ಮೈ ಮತ್ತು ಆಳದ ನೀರಿನ ಉಷ್ಣತೆಯ ಅಂತರವನ್ನು ಬಳಸಿ ಸಿಹಿನೀರು ತೆಗೆಯುವ ಸ್ಥಾವರವನ್ನು 2005ರಲ್ಲಿ ಕವರತ್ತಿಯಲ್ಲಿಯೂ 2011ರಲ್ಲಿ ಮಿನಿಕಾಯ್ ಹಾಗೂ ಅಗತ್ತಿಗಳಲ್ಲಿಯೂ ಸ್ಥಾಪಿಸಿತು. ಒಂದೊಂದರ ಸಾಮರ್ಥ್ಯ ದಿನಕ್ಕೆ 1 ಲಕ್ಷ ಲೀಟರ್. ಅಗತ್ತಿಯ ಜನರಿಗೆ ಹಂಚಿದರೆ ತಲೆಗೆ ಸುಮಾರು 13 ಲೀಟರ್ ಬರುತ್ತದೆ. ಇದು ಕುಡಿಯಲು, ಅಡುಗೆಗೆ ಸಾಕು. ಸಾವಿರ ಅತಿಥಿಗಳ ಸ್ನಾನಕ್ಕೂ ಬಟ್ಟೆ ಒಗೆಯುವುದಕ್ಕೂ ಇದರಿಂದ ಆಗುವುದಿಲ್ಲ.

ರನ್‌ವೇಯನ್ನು ಉದ್ದ ಮಾಡಲು ದ್ವೀಪದಲ್ಲಿ ನೆಲವಿಲ್ಲ. ಲಗೂನಿನ ಕಡೆಗೋ ಹವಳದ ದಂಡೆಯ ಕಡೆಗೋ ಚಾಚಬೇಕಾಗುತ್ತದೆ. ಆ ಹವಳ 1998, 2010, 2016 ಮತ್ತು 2024ರಲ್ಲಿ ಸಮುದ್ರದ ಬಿಸಿಯಿಂದ ಬಿಳಿಚಿಕೊಂಡು ಹಾನಿಗೊಳಗಾಗಿದೆ. ಅಲೆಗಳನ್ನು ತಡೆದು ದ್ವೀಪವನ್ನು ಉಳಿಸಿರುವುದೂ ಪ್ರವಾಸಿಗನನ್ನು ಸೆಳೆಯುವುದೂ ಅದೇ ಹವಳ. ಸುಪ್ರೀಂ ಕೋರ್ಟ್ 2012ರಲ್ಲಿ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯು ದ್ವೀಪಗಳ ಧಾರಣಶಕ್ತಿಯನ್ನು ಗಮನದಲ್ಲಿಟ್ಟುಕೊಂಡೇ ಅಭಿವೃದ್ಧಿಯನ್ನು ಯೋಜಿಸಬೇಕೆಂಬ ದಾರಿಯನ್ನು ತೋರಿಸಿದೆ. ಬಂಡವಾಳವನ್ನೇ ಕರಗಿಸಿ ಲಾಭವೆಂದು ಬರೆದುಕೊಳ್ಳುವ ಅಂಗಡಿ ಹೆಚ್ಚು ದಿನ ನಡೆಯದು ಎಂಬುದು ವ್ಯಾಪಾರಿಗೆ ಗೊತ್ತಿರುವ ವಿಷಯ. ದೇಶದ ರಕ್ಷಣೆಗಾಗಿ ರನ್‌ವೇ ಬೇಕೋ ಬೇಡವೋ ಎಂಬುದು ಬೇರೆಯ ಪ್ರಶ್ನೆ. ಅದನ್ನು ತೀರ್ಮಾನಿಸಬೇಕಾದವರು ಬೇರೆ. ವ್ಯಾಪಾರದ ಹೆಸರಿನಲ್ಲಿ ಆ ಬೇಡಿಕೆಯನ್ನು ಮಂಡಿಸುವುದು ಮಾತ್ರ ಸರಿಯಲ್ಲ.

ಹಳೆ ಬಂದರಿನ ಪಾಲು

ಮಂಗಳೂರಿಗೂ ಲಕ್ಷದ್ವೀಪಕ್ಕೂ ಇರುವ ನಂಟು ಹೊಸದಲ್ಲ. ಉತ್ತರದ ಅಮೀನಿದೀವಿ ದ್ವೀಪಗಳಾದ ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾಗಳು 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆಗೆ ಬಂದು, 1799ರ ನಂತರ ಬ್ರಿಟಿಷರ ವಶವಾಗಿ, 1956ರಲ್ಲಿ ಕೇಂದ್ರಾಡಳಿತ ಪ್ರದೇಶ ರಚನೆಯಾಗುವವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಆ ಕಾಲದಲ್ಲಿ ದ್ವೀಪವಾಸಿಗಳು ತಮ್ಮ ತೆಂಗಿನ ನಾರನ್ನು ಮಂಗಳೂರಿನಲ್ಲಿ ಸರಕಾರಕ್ಕೇ ಒಪ್ಪಿಸಿ ಬದಲಿಗೆ ಅಕ್ಕಿ ಪಡೆಯಬೇಕಾಗಿತ್ತು. ಬೆಲೆ ನಿಗದಿ ಮಾಡುತ್ತಿದ್ದವನು ಕೊಳ್ಳುವವನೇ. ಆ ಏಕಸ್ವಾಮ್ಯ ದ್ವೀಪವಾಸಿಗಳ ಮನಸ್ಸಿನಲ್ಲಿ ಪ್ರೀತಿಯನ್ನೇನೂ ಬೆಳೆಸಲಿಲ್ಲ. ಇಂದಿನ ವ್ಯಾಪಾರಿಗೆ ಇದರಲ್ಲಿ ಎಚ್ಚರಿಕೆಯಿದೆ.

ಹಳೆ ಬಂದರಿನಿಂದ ಮಂಜಿಗಳು ಇಂದಿಗೂ ಅಕ್ಕಿ, ದಿನಸಿ, ತರಕಾರಿ, ಸಿಮೆಂಟ್, ಜಲ್ಲಿ, ಕಬ್ಬಿಣದ ಸರಳು ಹೊತ್ತು ದ್ವೀಪಗಳಿಗೆ ಸಾಗುತ್ತವೆ. ಮರಳುವಾಗ ಕೊಬ್ಬರಿ, ತೆಂಗು, ಒಣಮೀನು ತರುತ್ತವೆ. ನೇರ ಅಂತರದಲ್ಲಿ ಮಂಗಳೂರಿನಿಂದ ಅಗತ್ತಿಗೆ ಸುಮಾರು 370 ಕಿಲೋಮೀಟರ್. ಅಮೀನಿಗೆ ಸುಮಾರು 300. ಚೆತ್ಲತ್‌ಗೆ ಇನ್ನೂ ಕಡಿಮೆ. ಉತ್ತರದ ಈ ದ್ವೀಪಗಳಿಗೆ ಕೊಚ್ಚಿಗಿಂತ ಮಂಗಳೂರೇ ಹತ್ತಿರ. 2024ರ ಮೇ ತಿಂಗಳಲ್ಲಿ ‘ಪರಾಲಿ’ ಎಂಬ ವೇಗದ ಹಡಗು ಸುಮಾರು ಏಳು ಗಂಟೆಗಳಲ್ಲಿ ಪ್ರವಾಸಿಗರನ್ನು ಹಳೆ ಬಂದರಿಗೆ ತಂದಾಗ ಈ ಸಾಮೀಪ್ಯ ಮತ್ತೆ ನೆನಪಿಗೆ ಬಂತು.

ಕಡಮತ್ ಮತ್ತು ಸುಹೇಲಿ ದ್ವೀಪಗಳಲ್ಲಿ ತಾಜ್ ಹೆಸರಿನ ಎರಡು ರೆಸಾರ್ಟುಗಳನ್ನು ನಿರ್ಮಿಸುವುದಾಗಿ 2023ರ ಜನವರಿಯಲ್ಲಿ ಘೋಷಣೆಯಾಯಿತು. ಒಂದೊಂದರಲ್ಲಿ 110 ಕೋಣೆಗಳ ಯೋಜನೆ. ಇಂತಹ ರೆಸಾರ್ಟಿಗೆ ಬೇಕಾದ ವಸ್ತುಗಳ ಪಟ್ಟಿ ಮಾಡಿದರೆ ಅದರಲ್ಲಿ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಸಣ್ಣ ಘಟಕಗಳು ಪೂರೈಸಬಲ್ಲ ಸರಕುಗಳು ಹಲವಾರು ಕಾಣಿಸುತ್ತವೆ: ಹೆಂಚು, ಗೋಡಂಬಿ, ಮಸಾಲೆ ಪುಡಿ, ಬೇಕರಿ ತಿನಿಸು, ಐಸ್‌ಕ್ರೀಂ, ತುಕ್ಕು ಹಿಡಿಯದ ಸ್ಟೀಲಿನ ಅಡುಗೆ ಮೇಜು, ನೀರು ಶುದ್ಧೀಕರಣದ ಬಿಡಿಭಾಗ, ದೋಣಿಯ ದುರಸ್ತಿ ಸಾಮಗ್ರಿ. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳ ಮೇಲೆ 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಿರುವುದರಿಂದ, ಕಸ ಹಾಕಲು ಜಾಗವೇ ಇಲ್ಲದ ದ್ವೀಪಕ್ಕೆ ಅಡಿಕೆ ಹಾಳೆಯ ತಟ್ಟೆಗಿಂತ ಒಳ್ಳೆಯ ವಸ್ತು ಬೇರೊಂದಿಲ್ಲ.

ಆದರೆ ಈ ವ್ಯಾಪಾರಕ್ಕೆ ಸಿದ್ಧತೆ ಬೇಕು. ಮೊದಲನೆಯದು ಕಾಲಮಾನ. ಮೇ ತಿಂಗಳ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಮಂಜಿಗಳು ಸಮುದ್ರಕ್ಕೆ ಇಳಿಯುವುದಿಲ್ಲ. ನಾಲ್ಕು ತಿಂಗಳ ದಾಸ್ತಾನನ್ನು ಮಳೆಗಾಲಕ್ಕೆ ಮೊದಲೇ ಕಳುಹಿಸಬೇಕು. ಅಷ್ಟು ದಿನ ಹಣ ಅದರಲ್ಲಿ ಸಿಕ್ಕಿಕೊಂಡಿರುತ್ತದೆ. ಎರಡನೆಯದು ತೆರಿಗೆ. ಲಕ್ಷದ್ವೀಪ ಕೇಂದ್ರಾಡಳಿತ ಪ್ರದೇಶವಾದುದರಿಂದ ಕರ್ನಾಟಕದಿಂದ ಅಲ್ಲಿಗೆ ಮಾಡುವ ಮಾರಾಟ ಅಂತರರಾಜ್ಯ ಮಾರಾಟ, ಐಜಿಎಸ್‌ಟಿ ಅನ್ವಯಿಸುತ್ತದೆ. ಜಿಎಸ್‌ಟಿ ರಾಜಿ ತೆರಿಗೆ ಯೋಜನೆಯಲ್ಲಿ ಇರುವ ವ್ಯಾಪಾರಿಯು ಅಂತರರಾಜ್ಯ ಸರಕು ಮಾರಾಟ ಮಾಡುವಂತಿಲ್ಲ. ಆದೇಶ ಬಂದ ಮೇಲೆ ಇದನ್ನು ತಿಳಿದು ಪರದಾಡುವುದಕ್ಕಿಂತ ಮೊದಲೇ ಲೆಕ್ಕಪರಿಶೋಧಕರೊಡನೆ ಮಾತನಾಡುವುದು ಒಳಿತು. ಮೂರನೆಯದು ವಸೂಲಿ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯಿದೆಯಂತೆ ಸಣ್ಣ ತಯಾರಕರಿಗೆ 45 ದಿನಗಳೊಳಗೆ ಹಣ ಪಾವತಿಯಾಗಬೇಕು. ಬರಿಯ ವ್ಯಾಪಾರಿಗಳಿಗೆ ಆ ರಕ್ಷಣೆ ಇಲ್ಲ. 2021ರಿಂದ ಅವರಿಗೆ ದೊರೆತಿರುವ ನೋಂದಣಿ ಆದ್ಯತಾ ಸಾಲದ ಉದ್ದೇಶಕ್ಕೆ ಮಾತ್ರ. ಸಮುದ್ರದ ಆಚೆಯ ಉದ್ದರಿಯನ್ನು ಬರೆವಣಿಗೆಯ ಒಪ್ಪಂದವಿಲ್ಲದೆ ಕೊಡುವುದು ವಿವೇಕವಲ್ಲ. ನಾಲ್ಕನೆಯದು ಪ್ಯಾಕಿಂಗ್. ಉಪ್ಪುಗಾಳಿ, ಎರಡು ಮೂರು ಬಾರಿಯ ಏರಿಳಿಕೆ, ದೋಣಿಯಿಂದ ದಂಡೆಗೆ ಹೊರುವ ಕೆಲಸ, ಇವನ್ನೆಲ್ಲ ತಾಳುವ ಪೆಟ್ಟಿಗೆ ಬೇಕು. ಖಾಲಿ ಪೆಟ್ಟಿಗೆಯನ್ನು ಹಿಂದಕ್ಕೆ ತರುವ ವ್ಯವಸ್ಥೆ ಮಾಡಿದವನಿಗೆ ರೆಸಾರ್ಟಿನವರು ಆದ್ಯತೆ ನೀಡುವ ಸಂಭವ ಹೆಚ್ಚು.

2024ರ ಜನವರಿ 3ರಂದು ಕೊಚ್ಚಿ-ಲಕ್ಷದ್ವೀಪ ಸಮುದ್ರತಳದ ಕೇಬಲ್ ಉದ್ಘಾಟನೆಯಾದ ಮೇಲೆ ದ್ವೀಪಗಳ ದೂರಸಂಪರ್ಕ ಸುಧಾರಿಸಿದೆ. ಆದೇಶ, ದರಪಟ್ಟಿ, ಹಣ ಪಾವತಿ, ಎಲ್ಲವೂ ಇಂದು ಕುಳಿತಲ್ಲಿಯೇ ಸಾಧ್ಯ. ಇದು ಸಣ್ಣವರಿಗೆ ಅನುಕೂಲ. ಅಷ್ಟೇ ಅನುಕೂಲ ದೂರದ ದೊಡ್ಡ ಪೂರೈಕೆದಾರರಿಗೂ ಆಗಿದೆ ಎಂಬುದನ್ನು ಮರೆಯಬಾರದು.

ಕೇಳಿಬರುವ ಆಕ್ಷೇಪಗಳು

ಸಣ್ಣ ವಿಮಾನವೇ ಸಾಕೆಂದರೆ ಪ್ರವಾಸ ಸಿರಿವಂತರ ಪಾಲಾಗುತ್ತದೆ ಎಂಬುದು ಮೊದಲ ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ. ಆದರೆ ಸಾಮಾನ್ಯರ ಪ್ರವಾಸಕ್ಕೆ ದಾರಿ ಹಡಗು; ಏಳು ಗಂಟೆಯ ಹಡಗು ಮಂಗಳೂರಿನಿಂದ ನಿಯತವಾಗಿ ಓಡಿದರೆ ವಿಮಾನದ ದರದ ಬಿಸಿ ತಾನಾಗಿ ತಗ್ಗುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಇರುವ ಕೆಲವೇ ಆಸನಗಳನ್ನು ಪ್ರವಾಸಿಗರು ಹಿಡಿದುಕೊಂಡರೆ, ಚಿಕಿತ್ಸೆಗೆಂದೋ ಪರೀಕ್ಷೆಗೆಂದೋ ಭೂಭಾಗಕ್ಕೆ ಬರಬೇಕಾದ ದ್ವೀಪವಾಸಿಯ ಗತಿಯೇನು? ಮಳೆಗಾಲದಲ್ಲಿ ಸಮುದ್ರ ಕೆರಳಿದಾಗ ಆತನಿಗೆ ವಿಮಾನ ಐಷಾರಾಮವಲ್ಲ, ಅಗತ್ಯ. ಇದಕ್ಕೆ ಉತ್ತರ ದೊಡ್ಡ ಜೆಟ್ ಅಲ್ಲ; ನಿವಾಸಿಗಳಿಗೆ ಮೀಸಲು ಆಸನ, ಮೀಸಲು ದರ ಮತ್ತು ಸಣ್ಣ ವಿಮಾನದ ಇನ್ನೊಂದು ಸರದಿ. ದ್ವೀಪದ ಜನ ಪ್ರವಾಸೋದ್ಯಮವನ್ನು ಹೊರೆಯೆಂದು ಬಗೆದರೆ ರೆಸಾರ್ಟೂ ಉಳಿಯದು, ಅದಕ್ಕೆ ಸರಕು ಕಳುಹಿಸುವವನ ವ್ಯಾಪಾರವೂ ಉಳಿಯದು.

ಮೂರನೆಯದು ಕೇರಳದ ಬಂದರುಗಳೊಡನೆ ಪೈಪೋಟಿಯ ಮಾತು. 2021ರಲ್ಲಿ ದ್ವೀಪಗಳ ಸರಕನ್ನು ಬೇಪೂರಿನ ಬದಲು ಮಂಗಳೂರಿಗೆ ತಿರುಗಿಸುವ ವಿಚಾರ ದೊಡ್ಡ ವಿವಾದಕ್ಕೆ ಒಳಗಾಯಿತು. ಮಿನಿಕಾಯ್ ಹೊರತುಪಡಿಸಿ ಉಳಿದ ದ್ವೀಪಗಳ ಜನರ ಮಾತು ಮಲಯಾಳದ ಕುಟುಂಬಕ್ಕೆ ಸೇರಿದ್ದು. ಅವರ ಉಚ್ಚ ನ್ಯಾಯಾಲಯ ಕೊಚ್ಚಿಯಲ್ಲಿದೆ. ಓದು, ಆಸ್ಪತ್ರೆ, ಬಂಧುತ್ವ ಎಲ್ಲವೂ ಅತ್ತಲೇ. ಆಜ್ಞೆಯ ಬಲದಿಂದ ಬಂದ ವ್ಯಾಪಾರ ಆಜ್ಞೆ ಬದಲಾದಾಗ ಹೊರಟು ಹೋಗುತ್ತದೆ. ತೂಕ ಸರಿಯಾಗಿದೆ, ಬೆಲೆ ನ್ಯಾಯವಾಗಿದೆ, ಹೇಳಿದ ದಿನ ಸರಕು ತಲುಪುತ್ತದೆ ಎಂಬ ಹೆಸರಿನಿಂದ ಬಂದ ವ್ಯಾಪಾರ ಮಾತ್ರ ನಿಲ್ಲುತ್ತದೆ. ನಾರಿಗೆ ಅಕ್ಕಿ ಅಳೆದು ಕೊಟ್ಟ ಹಳೆಯ ಕಾಲದ ಕಹಿ ಮರುಕಳಿಸಬಾರದು.

ವ್ಯಾಪಾರ ಸಂಘಗಳು ಕೇಳಬೇಕಾದದ್ದು

ಮೇಲಿನ ಕಾರಣಗಳಿಂದ, ವಾಣಿಜ್ಯ ಸಂಘಗಳು ಸರಕಾರದ ಮುಂದಿಡುವ ಬೇಡಿಕೆಗಳ ಪಟ್ಟಿಯಲ್ಲಿ ರನ್‌ವೇ ವಿಸ್ತರಣೆಗೆ ಬದಲಾಗಿ ನಾಲ್ಕು ಅಂಶಗಳು ಇರಬೇಕು.

ಒಂದು, ಕರ್ನಾಟಕದ ನಗರಗಳಿಂದ ಅಗತ್ತಿಗೆ ವರ್ಷವಿಡೀ ನೆಚ್ಚಬಹುದಾದ ಸಣ್ಣ ವಿಮಾನದ ಸೇವೆ. ಅದರಲ್ಲಿ ದ್ವೀಪವಾಸಿಗಳಿಗೆ ಮೀಸಲು ಆಸನ. ಬೆಂಗಳೂರಿನಿಂದ ಅಗತ್ತಿಗೆ ನೇರ ಅಂತರ ಸುಮಾರು 650 ಕಿಲೋಮೀಟರ್. ಮಂಗಳೂರಿನಿಂದ ಅದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಸಹಾಯಧನ ನೀಡುವುದಾದರೆ ಎಲ್ಲಿ ಕಡಿಮೆ ಹಣದಲ್ಲಿ ಹೆಚ್ಚು ಸರದಿಗಳು ಸಾಧ್ಯವೋ ಅಲ್ಲಿಗೆ ನೀಡುವುದು ನ್ಯಾಯ.

ಎರಡು, ಹಳೆ ಬಂದರಿನಲ್ಲಿ ಲಕ್ಷದ್ವೀಪದ ಹಡಗುಗಳಿಗೆಂದೇ ಸಾಗರಮಾಲಾ ಯೋಜನೆಯಡಿ ರೂಪಿಸಲಾದ ಜೆಟ್ಟಿಯನ್ನು ಪೂರ್ಣವಾಗಿ ಬಳಕೆಗೆ ತರುವುದು; ಅಳಿವೆಯ ಹೂಳನ್ನು ಕಾಲಕಾಲಕ್ಕೆ ತೆಗೆಯುವುದು; ತರಕಾರಿ ಮತ್ತು ಹಾಲಿನ ಉತ್ಪನ್ನಗಳಿಗೆ ಶೀತಲ ಉಗ್ರಾಣ ಒದಗಿಸುವುದು. ಹೂಳಿನಿಂದಾಗಿ ಉಬ್ಬರಕ್ಕೆ ಕಾದು ನಿಲ್ಲುವ ಮಂಜಿಯಲ್ಲಿ ಬಾಡುವ ತರಕಾರಿ ಯಾರದೋ ಒಬ್ಬ ವ್ಯಾಪಾರಿಯ ನಷ್ಟ.

ಮೂರು, ವೇಗದ ಪ್ರಯಾಣಿಕ ಹಡಗಿನ ನಿಯತ ಸೇವೆ. ಋತುವಿನ ಆರಂಭದಲ್ಲಿಯೇ ವೇಳಾಪಟ್ಟಿ ಪ್ರಕಟವಾಗಬೇಕು.

ನಾಲ್ಕು, ಸಣ್ಣ ಪೂರೈಕೆದಾರರ ಒಕ್ಕೂಟ. ಒಬ್ಬೊಬ್ಬರೇ ಒಂದು ಮಂಜಿಯನ್ನು ತುಂಬಿಸಲಾರರು. ಹತ್ತು ಮಂದಿ ಸೇರಿದರೆ ಬಾಡಿಗೆಯೂ ಕಡಿಮೆ, ರೆಸಾರ್ಟುಗಳೊಡನೆ ಚೌಕಾಸಿಗೆ ಬಲವೂ ಹೆಚ್ಚು. ಈ ನಾಲ್ಕನೆಯ ಕೆಲಸಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಾಗಿಲ್ಲ. ಅದನ್ನು ಮೊದಲು ಮಾಡಿ ಉಳಿದ ಮೂರನ್ನು ಕೇಳಲು ಹೊರಟರೆ ಮಾತಿಗೆ ತೂಕ ಬರುತ್ತದೆ.

ದ್ವೀಪದ ರನ್‌ವೇ ಚಿಕ್ಕದಾಗಿರುವುದು ಕೊರತೆಯೆಂದು ಹಲವರು ತಿಳಿದಿದ್ದಾರೆ. ಅದು ದ್ವೀಪವು ತನ್ನ ಶಕ್ತಿಯನ್ನು ಅರಿತು ಹಾಕಿಕೊಂಡ ಮಿತಿಯೆಂದು ತಿಳಿದರೆ ವ್ಯಾಪಾರದ ದಾರಿ ಬೇರೆಯಾಗಿ ಕಾಣುತ್ತದೆ. ಆ ಮಿತಿಯೊಳಗೆ ಬರುವ ಅತಿಥಿಗಳು ಕಡಿಮೆ; ಆದರೆ ಅವರು ಪ್ರತಿ ವರ್ಷ ಬರುತ್ತಾರೆ, ಅವರಿಗಾಗಿ ಸರಕು ಪ್ರತಿ ವಾರ ಹೋಗುತ್ತದೆ. ಸೆಪ್ಟೆಂಬರ್ ನಡುವಿನಲ್ಲಿ ಮಳೆಗಾಲದ ನಿರ್ಬಂಧ ತೆರವಾಗಿ ಮೊದಲ ಮಂಜಿ ಹಳೆ ಬಂದರನ್ನು ಬಿಡುವ ದಿನ ಅದರಲ್ಲಿ ಯಾರ ಸರಕು ಇರಬೇಕೆಂಬುದನ್ನು ಕರಾವಳಿಯ ವ್ಯಾಪಾರಿಗಳು ಮಳೆಗಾಲದ ಬಿಡುವಿನಲ್ಲಿಯೇ ತೀರ್ಮಾನಿಸಿಕೊಳ್ಳಬೇಕು.